ನ್ಯೂಯಾರ್ಕ್ ಲೈಬ್ರರಿಗಳ ಉಚಿತ ಇಂಗ್ಲಿಷ್ ಮಾತುಕತೆ ಗುಂಪುಗಳು: ಯಾರಿಗೆ ಹೊಂದುತ್ತವೆ, ಎಲ್ಲಿ ಎಡವುತ್ತವೆ

ಇಂಗ್ಲಿಷ್ ಪೇಪರ್ ಓದುತ್ತಾರೆ, ಬ್ಯಾಂಕಿನ ಫಾರಂ ತುಂಬುತ್ತಾರೆ, ಆದರೆ ಡಾಕ್ಟರ ಆಫೀಸಿಗೆ ಫೋನ್ ಮಾಡಿ ಅಪಾಯಿಂಟ್‌ಮೆಂಟ್ ಮುಂದಕ್ಕೆ ಹಾಕಿ ಎನ್ನಬೇಕಾದಾಗ ಬಾಯಿ ಕಟ್ಟಿಹೋಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಅಮೆರಿಕಕ್ಕೆ ಬಂದವರಲ್ಲಿ ಇಂಥವರು ಬಹಳ ಜನ ಸಿಗುತ್ತಾರೆ. ನ್ಯೂಯಾರ್ಕ್ ನಗರದಲ್ಲಿ ಇರುವವರಾದರೆ ಸಾರ್ವಜನಿಕ ಲೈಬ್ರರಿಗಳಲ್ಲಿ ನಡೆಯುವ ಉಚಿತ ಮಾತುಕತೆ ಗುಂಪುಗಳಿಗೆ ಧೈರ್ಯವಾಗಿ ಹೋಗಬಹುದು. ಅಕ್ಷರದಿಂದಲೇ ಶುರುಮಾಡಬೇಕಾದವರಿಗೆ ಮಾತ್ರ ಇವು ಬೇಡ. ಅವರಿಗೆ ಬೇರೆ ತರಗತಿಗಳಿವೆ, ಅವೂ ಉಚಿತ.

ಮೊದಲು ಜಾಗದ ವಿಷಯ. ಈ ನಗರದಲ್ಲಿ ಲೈಬ್ರರಿ ಸಂಸ್ಥೆ ಒಂದಲ್ಲ, ಮೂರು. ಮ್ಯಾನ್‌ಹಟನ್, ಬ್ರಾಂಕ್ಸ್, ಸ್ಟ್ಯಾಟನ್ ಐಲ್ಯಾಂಡ್ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಗೆ ಸೇರಿವೆ. ಬ್ರೂಕ್ಲಿನ್‌ಗೂ ಕ್ವೀನ್ಸ್‌ಗೂ ಅವುಗಳದೇ ಸಂಸ್ಥೆಗಳಿವೆ. ಎಲ್ಲ ಸೇರಿ ಶಾಖೆಗಳು 200ಕ್ಕೂ ಹೆಚ್ಚು. ವೆಬ್‌ಸೈಟು, ವೇಳಾಪಟ್ಟಿ, ಹೆಸರು ಬರೆಸುವ ಕ್ರಮ ಎಲ್ಲವೂ ಬೇರೆ ಬೇರೆ. ಹೊಸಬರು ತಪ್ಪುವುದು ಇಲ್ಲೇ. ಬ್ರೂಕ್ಲಿನ್‌ನ ಬುಷ್‌ವಿಕ್‌ನಲ್ಲಿ ಮನೆ ಇರುವವರು ಬ್ರೂಕ್ಲಿನ್ ಪಟ್ಟಿ ಮಾತ್ರ ನೋಡಿ ಹತ್ತಿರ ಏನೂ ಇಲ್ಲವೆಂದು ಕೈಬಿಡುತ್ತಾರೆ. ಅಲ್ಲಿಗೆ ಹೊಂದಿಕೊಂಡಿರುವ ರಿಡ್ಜ್‌ವುಡ್ ಕ್ವೀನ್ಸ್ ಲೈಬ್ರರಿಯ ಪಟ್ಟಿಯಲ್ಲಿ ಇರುತ್ತದೆ. ಗಡಿಯ ಹತ್ತಿರ ಇರುವವರು ಎರಡೂ ಪಟ್ಟಿ ನೋಡಲೇಬೇಕು. ವೆಬ್‌ಸೈಟಿನಲ್ಲಿ ಹುಡುಕುವುದು ಕಷ್ಟವೆನಿಸಿದರೆ ನಗರದ ಸಹಾಯವಾಣಿ 311ಕ್ಕೆ ಫೋನ್ ಮಾಡಿ ವಯಸ್ಕರ ಇಂಗ್ಲಿಷ್ ತರಗತಿ ಬೇಕೆಂದರೆ ಹತ್ತಿರದ ಜಾಗಗಳನ್ನು ಹೇಳುತ್ತಾರೆ. ಆ ಕರೆಗೆ ದುಭಾಷಿಯನ್ನೂ ಕೇಳಬಹುದು.

ಮೂರರಲ್ಲಿ ಕ್ವೀನ್ಸ್‌ಗೆ ಈ ಕೆಲಸದಲ್ಲಿ ಹಳೆಯ ಅನುಭವ. ಅಲ್ಲಿನ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿ ಬೇರೆ ದೇಶದಲ್ಲಿ ಹುಟ್ಟಿದವರು, ಹೊಸ ವಲಸಿಗರಿಗೆಂದೇ ಇರುವ ವಿಭಾಗವನ್ನು ಲೈಬ್ರರಿ 1977ರಲ್ಲೇ ಶುರುಮಾಡಿತು. ಅದೇ ವರ್ಷ ಪ್ರತಿಷ್ಠಾಪನೆಯಾದ ಫ್ಲಶಿಂಗ್‌ನ ಗಣಪತಿ ದೇವಸ್ಥಾನ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಅದರ ಕ್ಯಾಂಟೀನಿನ ದೋಸೆ ಇನ್ನೂ ಚೆನ್ನಾಗಿ ಗೊತ್ತು. ದೇವಸ್ಥಾನಕ್ಕೆ 7ನೇ ನಂಬರಿನ ರೈಲಿನಲ್ಲಿ ಹೋಗುವವರು ಇಳಿಯುವ ಕೊನೆಯ ಸ್ಟೇಷನ್ನಿನಿಂದ ಫ್ಲಶಿಂಗ್ ಲೈಬ್ರರಿಗೆ ಕೆಲವೇ ನಿಮಿಷದ ನಡಿಗೆ. ಮ್ಯಾನ್‌ಹಟನ್‌ನಲ್ಲಿ ಕೆಲಸ ಮಾಡುವವರಿಗೆ ಐದನೇ ಅವೆನ್ಯೂ, 40ನೇ ಬೀದಿಯ ಮೂಲೆಯಲ್ಲಿರುವ ಸ್ಟಾವ್ರೋಸ್ ನಿಯಾರ್ಕೋಸ್ ಶಾಖೆ ಅನುಕೂಲ. 2021ರಲ್ಲಿ ಹೊಸದಾಗಿ ತೆರೆದ ಈ ಕಟ್ಟಡದಲ್ಲಿ ವಯಸ್ಕರ ಕಲಿಕೆಗೆಂದೇ ಜಾಗವಿದೆ.

ಲೈಬ್ರರಿಯಲ್ಲಿ ಸಿಗುವುದು ಎರಡು ಬಗೆ. ಎರಡನ್ನೂ ಒಂದೇ ಎಂದುಕೊಂಡು ಹೋದವರು ಬೇಸರಪಟ್ಟುಕೊಂಡು ಬರುತ್ತಾರೆ.

ಒಂದು, ನಿಯಮಿತ ತರಗತಿ. ಹೆಸರು ಬರೆಸಬೇಕು, ಮಟ್ಟ ಗೊತ್ತುಮಾಡುವ ಪರೀಕ್ಷೆ ಇರುತ್ತದೆ, ಕೆಲವು ವಾರಗಳ ಅವಧಿಗೆ ತಪ್ಪದೆ ಬರಬೇಕು. ಸೀಟು ಕಡಿಮೆ, ಕೇಳುವವರು ಹೆಚ್ಚು, ಹಾಗಾಗಿ ಕಾಯಬೇಕಾಗಬಹುದು. ಮಾತಿನ ಮಟ್ಟ ಅಳೆಯಲು ಇಂಥ ಕಡೆಗಳಲ್ಲಿ ಬಳಸುವ ಪರೀಕ್ಷೆಗಳಲ್ಲಿ ಬೆಸ್ಟ್ ಪ್ಲಸ್ ಒಂದು. ಎದುರುಬದುರು ಕೂತು ಪ್ರಶ್ನೆ ಕೇಳುತ್ತಾರೆ, ಉತ್ತರ ನೋಡಿಕೊಂಡು ಮುಂದಿನ ಪ್ರಶ್ನೆ ಸುಲಭವೋ ಕಠಿಣವೋ ಆಗುತ್ತದೆ. ಕೇಳಿದ್ದು ಅರ್ಥವಾಯಿತೇ, ಹೇಳಿದ್ದು ಎದುರಿನವರಿಗೆ ತಿಳಿಯಿತೇ, ವಾಕ್ಯ ಎಷ್ಟು ಬೆಳೆಯಿತು, ಈ ಮೂರಕ್ಕೂ ಅಂಕ. ನಮ್ಮವರು ಮರ್ಯಾದೆಗೆಂದು ಎಸ್, ನೋ ಎಂದು ಚಿಕ್ಕದಾಗಿ ಮುಗಿಸಿಬಿಡುತ್ತಾರೆ. ಬಿ.ಕಾಂ. ಓದಿದವರು ಎರಡು ಮಟ್ಟ ಕೆಳಗೆ ಹೋಗಿ ಕೂರುವುದಕ್ಕೆ ಬಹಳ ಸಲ ಇದೇ ಕಾರಣ. ಪ್ರತಿ ಉತ್ತರಕ್ಕೂ ಏಕೆ ಎಂಬುದನ್ನು ಒಂದು ವಾಕ್ಯದಲ್ಲಿ ಸೇರಿಸಿದರೆ ಸರಿಯಾದ ಮಟ್ಟ ಸಿಗುತ್ತದೆ.

ಇನ್ನೊಂದು, ಮಾತುಕತೆ ಗುಂಪು. ಇಲ್ಲಿ ಪರೀಕ್ಷೆ ಇಲ್ಲ, ಸರ್ಟಿಫಿಕೇಟೂ ಇಲ್ಲ. ಹೆಚ್ಚಿನ ಕಡೆ ವಾರಕ್ಕೊಮ್ಮೆ, ಒಂದು ಅಥವಾ ಒಂದೂವರೆ ಗಂಟೆ. ಸ್ವಯಂಸೇವಕರು ನಡೆಸಿಕೊಡುತ್ತಾರೆ. ಬಂದವರ ವೀಸಾ ಯಾವುದು, ಕಾಗದಪತ್ರ ಇವೆಯೇ ಎಂದು ಲೈಬ್ರರಿಯವರು ಕೇಳುವುದಿಲ್ಲ. ಕೆಲವು ಕಡೆ ಆನ್‌ಲೈನಿನಲ್ಲಿ ಹೆಸರು ಹಾಕಬೇಕು, ಕೆಲವು ಕಡೆ ನೇರ ಹೋಗಿ ಕೂರಬಹುದು.

ಈ ಗುಂಪು ಒಳ್ಳೆಯದೋ ಅಲ್ಲವೋ ಎಂದು ಅಳೆಯಲು ನಾವು ನೋಡುವುದು ಒಂದೇ: ಒಬ್ಬೊಬ್ಬರ ಬಾಯಿಗೆ ಎಷ್ಟು ನಿಮಿಷ ಸಿಕ್ಕಿತು? ಲೆಕ್ಕ ಹಾಕಿ ನೋಡಿ. ಒಂದು ಗಂಟೆ, 12 ಜನ. ಪರಿಚಯಕ್ಕೆ 15 ನಿಮಿಷ ಹೋಯಿತು. ಉಳಿದ 45ರಲ್ಲಿ ನಡೆಸುವವರೇ ಅರ್ಧ ಮಾತಾಡಿದರೆ ಒಬ್ಬರಿಗೆ ಎರಡು ನಿಮಿಷವೂ ಇಲ್ಲ. ಅದೇ 45ರಲ್ಲಿ 30 ನಿಮಿಷ ಇಬ್ಬಿಬ್ಬರನ್ನು ಜೋಡಿ ಮಾಡಿ ಬಿಟ್ಟರೆ ಪ್ರತಿಯೊಬ್ಬರಿಗೂ 15 ನಿಮಿಷ. ಜನ ಅವರೇ, ಕೋಣೆ ಅದೇ, ಮಾತು ಏಳೆಂಟು ಪಟ್ಟು. ಆದ್ದರಿಂದ ಮೊದಲ ದಿನವೇ ಕುರ್ಚಿಗಳನ್ನು ಗಮನಿಸಿ. ಎಲ್ಲವೂ ಬೋರ್ಡಿಗೆ ಮುಖ ಮಾಡಿ ಸಾಲಾಗಿದ್ದರೆ ಅದು ಪಾಠ. ಇಬ್ಬಿಬ್ಬರು ಎದುರುಬದುರಾಗಿ ಕೂರುವಂತಿದ್ದರೆ ಅಲ್ಲಿ ಮಾತು ನಡೆಯುತ್ತದೆ.

ಚೆನ್ನಾಗಿ ನಡೆಯುವ ಗುಂಪಿನಲ್ಲಿ ಒಂದು ದಿನ ಹೇಗಿರುತ್ತದೆ ಎಂಬುದಕ್ಕೆ ಔಷಧಿ ಅಂಗಡಿಯ ವಿಷಯವನ್ನೇ ತೆಗೆದುಕೊಳ್ಳೋಣ. ಮೊದಲ ಹತ್ತು ನಿಮಿಷ ಬೇಕಾಗುವ ಹತ್ತು ಹನ್ನೆರಡು ಪದ ಬೋರ್ಡಿನ ಮೇಲೆ: ರೀಫಿಲ್, ಪ್ರಿಸ್ಕ್ರಿಪ್ಷನ್, ಕೋಪೇ (ಇನ್ಶೂರೆನ್ಸ್ ಇದ್ದರೂ ನಾವು ಕೊಡಬೇಕಾದ ಪಾಲು), ಸೈಡ್ ಎಫೆಕ್ಟ್. ಆಮೇಲೆ ಜೋಡಿಗೆ ಎರಡು ಚೀಟಿ. ಒಬ್ಬರು ಫಾರ್ಮಸಿಸ್ಟ್, ಇನ್ನೊಬ್ಬರು ಗಿರಾಕಿ. ಮೊದಲ ಸುತ್ತು ಚೀಟಿ ನೋಡಿಕೊಂಡು. ಎರಡನೆಯದು ಚೀಟಿ ಮಡಿಸಿಟ್ಟು. ಮೂರನೆಯದರಲ್ಲಿ ಪಾತ್ರ ಅದಲುಬದಲು, ಜೊತೆಗೊಂದು ತೊಡಕು: ಇನ್ಶೂರೆನ್ಸ್ ಈ ಔಷಧಿಗೆ ಹಣ ಕೊಡುವುದಿಲ್ಲ, ಈಗೇನು ಮಾಡುತ್ತೀರಿ? ನಿಜವಾದ ಕಲಿಕೆ ಈ ಮೂರನೇ ಸುತ್ತಿನಲ್ಲಿ. ಬಾಯಿಪಾಠ ಮಾಡಿದ್ದು ಅಲ್ಲಿ ಕೈಕೊಡುತ್ತದೆ, ತಾನೇ ವಾಕ್ಯ ಕಟ್ಟಬೇಕಾಗುತ್ತದೆ. ನುರಿತ ಸ್ವಯಂಸೇವಕರು ಮಾತಿನ ಮಧ್ಯೆ ಬಾಯಿ ಹಾಕುವುದಿಲ್ಲ. ಜೋಡಿಗಳ ನಡುವೆ ಓಡಾಡುತ್ತಾ ಕೇಳಿದ ತಪ್ಪುಗಳನ್ನು ಬರೆದುಕೊಂಡು, ಕೊನೆಗೆ ಮೂರು ನಾಲ್ಕು ವಾಕ್ಯ ಮಾತ್ರ ಬೋರ್ಡಿಗೆ ಹಾಕುತ್ತಾರೆ. ಯಾರು ಹೇಳಿದ್ದೆಂದು ಹೆಸರು ಹೇಳುವುದಿಲ್ಲ. ವಯಸ್ಸಾದವರು ಸಂಕೋಚವಿಲ್ಲದೆ ಮರುವಾರ ಬರುವುದು ಇಂಥ ಕಡೆಗೇ.

ಈ ಔಷಧಿ ಅಂಗಡಿ ಅಭ್ಯಾಸದಲ್ಲಿ ಕನ್ನಡಿಗರು ಎಡವುವ ಜಾಗ ಹೆಚ್ಚುಕಡಿಮೆ ಒಂದೇ. ಫಾರ್ಮಸಿಸ್ಟ್ ಮೊದಲು ಕೇಳುವುದು ಲಾಸ್ಟ್ ನೇಮ್, ಆಮೇಲೆ ಹುಟ್ಟಿದ ತಾರೀಖು. ಊರಿನಲ್ಲಿ ಇನಿಷಿಯಲ್ ಹಾಕಿಕೊಂಡು ಬೆಳೆದವರಿಗೆ ಲಾಸ್ಟ್ ನೇಮ್ ಯಾವುದೆಂದೇ ಗೊಂದಲ. ಪಾಸ್‌ಪೋರ್ಟಿನ ಸರ್‌ನೇಮ್ ಜಾಗದಲ್ಲಿ ಇರುವುದನ್ನೇ ಎಲ್ಲ ಕಡೆಯೂ ಹೇಳಬೇಕು. ತಾರೀಖಿನಲ್ಲಿ ತಿಂಗಳು ಮೊದಲು. ಮೇ 12ಕ್ಕೆ ಅಂಕಿಯಲ್ಲಿ 12, 5 ಎಂದರೆ ಅವರು ಡಿಸೆಂಬರ್ 5ರಂದು ಹುಟ್ಟಿದವರನ್ನು ಹುಡುಕುತ್ತಾರೆ. ಅಂಕಿಯ ಬದಲು ತಿಂಗಳ ಹೆಸರನ್ನೇ ಹೇಳಿದರೆ ಗೋಜೇ ಇಲ್ಲ. ಹೆಸರಿನ ಅಕ್ಷರ ಬಿಡಿಸುವಾಗ Zಗೆ ಜೆಡ್ ಎಂದರೆ ಅರ್ಥವಾಗದು, ಝೀ ಎನ್ನಬೇಕು; ಹೆಚ್ ಅಲ್ಲ, ಏಚ್. ಫೋನ್ ನಂಬರಿನಲ್ಲಿ ಡಬಲ್ ನೈನ್ ಅನ್ನದೆ ನೈನ್ ನೈನ್ ಅನ್ನಿ. ವೆಂಕಟೇಶ್, ವಸಂತ ಮೊದಲಾದ ಹೆಸರಿನವರು ವಿ ಆ್ಯಸ್ ಇನ್ ವಿಕ್ಟರ್ ಎಂದು ಅಭ್ಯಾಸ ಮಾಡಿಕೊಂಡರೆ ಜೀವನಪೂರ್ತಿ ಉಪಯೋಗ.

ಉಚ್ಚಾರಣೆಯಲ್ಲಿ ಮುಖ್ಯವಾದ ತೊಂದರೆ ಒತ್ತಿನದು. ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಸಮನಾದ ಬಲ ಕೊಡುತ್ತೇವೆ. ಇಂಗ್ಲಿಷಿನಲ್ಲಿ ಒಂದು ಭಾಗ ಎದ್ದು ಕೇಳಬೇಕು, ಉಳಿದದ್ದು ತಗ್ಗಬೇಕು. ಸಿಕ್ಸ್‌ಟೀನ್, ಸಿಕ್ಸ್‌ಟಿ ಎರಡೂ ಒಂದೇ ಥರ ಕೇಳಿಸಿ ಬೆಲೆಯಲ್ಲಿ, ಬಸ್ ನಂಬರಿನಲ್ಲಿ ಗೊಂದಲವಾಗುವುದು ಇದರಿಂದಲೇ. ಇದನ್ನು ತಿದ್ದಿ ಎಂದು ಬಾಯಿಬಿಟ್ಟು ಕೇಳಿದರೆ ಸ್ವಯಂಸೇವಕರು ಖುಷಿಯಿಂದ ತಿದ್ದುತ್ತಾರೆ. ಕೇಳದಿದ್ದರೆ ತಿದ್ದುವುದಿಲ್ಲ, ಏಕೆಂದರೆ ಅರ್ಥವಾದ ಮಾತನ್ನು ತಿದ್ದುವುದು ಅವರಿಗೆ ಒರಟುತನ ಅನ್ನಿಸುತ್ತದೆ.

ಇನ್ನು ಕುಂದುಗಳು. ಯಾರು ಯಾವಾಗ ಬೇಕಾದರೂ ಬರಬಹುದು ಎಂಬುದೇ ಈ ಗುಂಪುಗಳ ಶಕ್ತಿ, ಅದೇ ದೌರ್ಬಲ್ಯ. ಪ್ರತಿವಾರ ಹೊಸ ಮುಖ, ಪ್ರತಿವಾರ ಅದೇ ಪರಿಚಯ. ಹೆಸರೇನು, ಯಾವ ದೇಶ, ಎಷ್ಟು ವರ್ಷವಾಯಿತು. ಎರಡು ತಿಂಗಳು ಬಂದವರಿಗೆ ಇದೊಂದೇ ನೀರಿನಂತೆ ಬರುತ್ತದೆ. ಪರಿಚಯದ ಸುತ್ತು ಹತ್ತು ನಿಮಿಷ ಮೀರುವ ಗುಂಪಿಗಿಂತ ಬೇರೆ ಗುಂಪು ನೋಡಿಕೊಳ್ಳುವುದು ವಾಸಿ. ಮಟ್ಟದ ಬೆರಕೆಯೂ ಇರುತ್ತದೆ. ಚುರುಕಾದ ಇಬ್ಬರು ಮೂವರೇ ಗಂಟೆಯನ್ನೆಲ್ಲ ತಿಂದುಹಾಕುತ್ತಾರೆ, ಅಂಜುವವರು ನಗುತ್ತಾ ತಲೆಯಾಡಿಸಿ ಎದ್ದು ಹೋಗುತ್ತಾರೆ. ಇದು ಅವರ ತಪ್ಪಲ್ಲ, ನಡೆಸುವವರು ಸರದಿ ಇಡಬೇಕು. ಕೆಲವು ಕಡೆ ಸ್ವಯಂಸೇವಕರು ಒಳ್ಳೆಯ ಮನಸ್ಸಿನಿಂದಲೇ ವ್ಯಾಕರಣ ಹಿಡಿದು ಕೂರುತ್ತಾರೆ. ನಮ್ಮವರಿಗೆ ಟೆನ್ಸು ಶಾಲೆಯಲ್ಲೇ ಗೊತ್ತು, ಬೇಕಾದದ್ದು ಬಾಯಿ.

ಭಾಷೆಯವರು ಭಾಷೆಯವರ ಪಕ್ಕ ಕೂರುವುದು ಇನ್ನೊಂದು. ತೆಲುಗರೋ ಹಿಂದಿಯವರೋ ಸಿಕ್ಕರೆ ಐದು ನಿಮಿಷದಲ್ಲಿ ಇಂಗ್ಲಿಷ್ ಮಾಯ. ಕೊರಿಯನ್, ಉಜ್ಬೆಕ್, ಕೊಲಂಬಿಯಾದ ಹೆಂಗಸರ ಪಕ್ಕ ಬೇಕೆಂದೇ ಕೂತುಕೊಳ್ಳಿ. ಇಬ್ಬರಿಗೂ ಬೇರೆ ದಾರಿಯಿಲ್ಲದಾಗ ಇಂಗ್ಲಿಷ್ ತಾನಾಗಿ ಬರುತ್ತದೆ. ಅವರ ಉಚ್ಚಾರಣೆ ಕಿವಿಗೆ ಬೀಳುವುದೂ ಲಾಭವೇ. ನ್ಯೂಯಾರ್ಕಿನ ಅಂಗಡಿ, ಆಸ್ಪತ್ರೆಗಳಲ್ಲಿ ಕೇಳಿಸುವುದು ಆ ಇಂಗ್ಲಿಷೇ.

ಲೈಬ್ರರಿಗಳ ಹೊರತಾಗಿ ನಗರಪಾಲಿಕೆಯದೇ ವಿ ಸ್ಪೀಕ್ ಎನ್‌ವೈಸಿ ಇದೆ. ಮೇಯರ್ ಕಚೇರಿಯ ವಲಸಿಗರ ವಿಭಾಗ ನಡೆಸುವ ಇದು ಮೊದಲು ವಿ ಆರ್ ನ್ಯೂಯಾರ್ಕ್ ಎಂಬ ಟಿವಿ ಸರಣಿಯಾಗಿ ಶುರುವಾಗಿ ಎಮ್ಮಿ ಪ್ರಶಸ್ತಿಯನ್ನೂ ಪಡೆದಿತ್ತು. ಆಸ್ತಮಾ, ಮಧುಮೇಹ, ಕೆಲಸಗಾರರ ಹಕ್ಕು ಮೊದಲಾದವನ್ನು ಕಥೆಯಾಗಿ ನಿಧಾನ ಇಂಗ್ಲಿಷಿನಲ್ಲಿ ಹೇಳುವ ಕಂತುಗಳು, ಪ್ರತಿ ಕಂತಿಗೂ ಅಭ್ಯಾಸದ ಹಾಳೆಗಳು, ತರಬೇತಿ ಪಡೆದ ಸ್ವಯಂಸೇವಕರ ಗುಂಪುಗಳು, ಎಲ್ಲವೂ ಉಚಿತ. ಮೊದಲು ವಿಷಯ ಕಣ್ಣಿಗೆ ಕಂಡು ಆಮೇಲೆ ಬಾಯಿಗೆ ಬರುವುದರಿಂದ ಮಾತು ಹುಡುಕಿ ತಡಕಾಡುವವರಿಗೆ ಇದೇ ಹೆಚ್ಚು ಹಿಡಿಸುತ್ತದೆ. ಕೊಡದೆ ಉಳಿಸಿಕೊಂಡ ಸಂಬಳ, ಓವರ್‌ಟೈಮ್ ವಿಷಯಗಳನ್ನು ತರಗತಿಗೆ ತಂದಿರುವುದು ನಮಗೆ ತುಂಬಾ ಮೆಚ್ಚಿಗೆಯಾದ ಅಂಶ. ಹವಾಮಾನ, ಹವ್ಯಾಸ ಎಂದು ಮಾತು ಬೆಳೆಸುವ ಗುಂಪುಗಳು ಇದನ್ನು ನೋಡಿ ಕಲಿಯಬೇಕು.

ಕನ್ನಡಿಗರು ಇನ್ನೊಂದು ಸಂಗತಿ ನೆನಪಿಡಬೇಕು. 2017ರ ನಗರ ಕಾನೂನಿನ ಪ್ರಕಾರ ನಗರದ ಇಲಾಖೆಗಳು ಹೆಚ್ಚಾಗಿ ಹಂಚುವ ಕಾಗದಪತ್ರಗಳು ಇಂಗ್ಲಿಷ್ ಬಿಟ್ಟು ಹತ್ತು ಭಾಷೆಗಳಲ್ಲಿ ಸಿಗಬೇಕು. ಬಂಗಾಳಿ, ಉರ್ದು ಆ ಪಟ್ಟಿಯಲ್ಲಿವೆ. ಕನ್ನಡ ಇಲ್ಲ, ಹಿಂದಿಯೂ ಇಲ್ಲ. ಆಸ್ಪತ್ರೆಯಲ್ಲಿ ದುಭಾಷಿ ಕೇಳುವ ಹಕ್ಕು ನಿಮಗಿದೆ. ಆದರೆ ಅದನ್ನು ಕೇಳುವ ಆ ಒಂದು ವಾಕ್ಯವನ್ನಾದರೂ ಇಂಗ್ಲಿಷಿನಲ್ಲಿ ಆಡಬೇಕು. ಅದನ್ನು ಮೊದಲ ವಾರವೇ ಗುಂಪಿನಲ್ಲಿ ಹೇಳಿ ರೂಢಿಮಾಡಿಕೊಳ್ಳಿ.

ಮಗನ ಮನೆಗೆ, ಮಗಳ ಬಾಣಂತನಕ್ಕೆ ಎಂದು ಬಂದ ಅಪ್ಪ ಅಮ್ಮಂದಿರಿಗೆ ಮಾತುಕತೆ ಗುಂಪೇ ಸರಿ. ವಿಸಿಟರ್ ವೀಸಾದಲ್ಲಿ ಕೋರ್ಸಿಗೆ ಸೇರಿ ಓದಲು ಅವಕಾಶವಿಲ್ಲ, ಆದ್ದರಿಂದ ದಾಖಲಾತಿ ಬೇಕಾದ ತರಗತಿಯ ಕಡೆ ಹೋಗಬೇಡಿ. ಎಚ್-4 ವೀಸಾದವರಿಗೆ, ಅಂದರೆ ಎಚ್-1ಬಿಯಂಥ ಕೆಲಸದ ವೀಸಾದವರ ಸಂಗಾತಿ, ಮಕ್ಕಳಿಗೆ, ಆ ಅಡ್ಡಿ ಇಲ್ಲ, ಎರಡಕ್ಕೂ ಹೋಗಬಹುದು. ಪುಟ್ಟ ಮಕ್ಕಳಿರುವವರು ಮೊದಲೇ ಕೇಳಿ. ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಡು ಸಾಮಾನ್ಯವಾಗಿ ಇರುವುದಿಲ್ಲ. ಅಂಥವರಿಗೆ ಜೂಮ್‌ನಲ್ಲಿ ನಡೆಯುವ ಗುಂಪು ಒಳ್ಳೆಯದು, ಆದರೆ ಅಲ್ಲಿ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳದಂತೆ ಸರದಿ ಕಾಯುವುದರಲ್ಲೇ ಹೊತ್ತು ಹೋಗುತ್ತದೆ. ಜೋಡಿಗಳನ್ನು ಜೂಮ್‌ನಲ್ಲೇ ಬೇರೆ ಬೇರೆ ಕೋಣೆಗೆ (ಬ್ರೇಕ್‌ಔಟ್ ರೂಮ್) ಕಳಿಸುವವರಿದ್ದರೆ ಮಾತ್ರ ಸೇರಿ. ಕನ್ನಡಿಗರು ಹೆಚ್ಚಾಗಿರುವ ನ್ಯೂಜೆರ್ಸಿಯವರು ನದಿ ದಾಟಿ ಬರಬೇಕಿಲ್ಲ. ಅಲ್ಲಿನ ಲಿಟರೆಸಿ ನ್ಯೂಜೆರ್ಸಿ ಸಂಸ್ಥೆ ಸ್ವಯಂಸೇವಕರ ಮೂಲಕ ಉಚಿತವಾಗಿ ಕಲಿಸುತ್ತದೆ.

ತರಗತಿಗೆ ಹೆಸರು ಬರೆಸಿ ಕಾಯುತ್ತಿರುವವರು ಸುಮ್ಮನೆ ಕೂರಬಾರದು. ವಿ ಸ್ಪೀಕ್ ಎನ್‌ವೈಸಿಯ ಒಂದು ಕಂತನ್ನು ಮೊದಲು ಪೂರ್ತಿ ನೋಡಿ. ಮರುದಿನ ಒಂದೊಂದು ವಾಕ್ಯಕ್ಕೂ ನಿಲ್ಲಿಸಿ, ಪಾತ್ರದ ಹಿಂದೆಯೇ ಗಟ್ಟಿಯಾಗಿ ಹೇಳಿ. ಮೂರನೇ ದಿನ ಕಥೆಯನ್ನು ಎರಡು ನಿಮಿಷದಲ್ಲಿ ಇಂಗ್ಲಿಷಿನಲ್ಲಿ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಕೊಳ್ಳಿ. ಎಲ್ಲಿ ತಡವರಿಸಿದಿರೋ ಆ ಎರಡು ಮೂರು ಮಾತುಗಳನ್ನು ಚೀಟಿಯಲ್ಲಿ ಬರೆದುಕೊಂಡು ಮಾತುಕತೆ ಗುಂಪಿಗೆ ಒಯ್ಯಿರಿ, ಇದನ್ನು ಹೇಗೆ ಹೇಳಬೇಕು ಎಂದು ಎಲ್ಲರಿಗಿಂತ ಮೊದಲು ನೀವೇ ಕೇಳಿ.