ಲೇಸ್ ಟೋಪಿ ಹೆಣೆಯುವವರೇ, ಲೈಫ್‌ಲೈನ್ ಹಾಕದೆ ಮುಂದೆ ಹೋಗಬೇಡಿ

ಮೂರು ವಾರ ದಿನಾ ಸಂಜೆ ಕೂತು ಹೆಣೆದ ಟೋಪಿಯನ್ನು ಮೊನ್ನೆ ಬಿಚ್ಚಿ ಉಂಡೆ ಸುತ್ತಿದೆ. ಇನ್ನೂ ಹೊಟ್ಟೆ ಉರಿಯುತ್ತಿದೆ. ಬೇರೆಯವರಿಗೆ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ. ಲೈಫ್‌ಲೈನ್ ಅಂದರೆ ಒಂದು ಸುತ್ತಿನ ಎಲ್ಲಾ ಕುಣಿಕೆಗಳೊಳಗೆ ತೂರಿಸಿಡುವ ದಾರ, ಬಿಚ್ಚಬೇಕಾದರೆ ಹೆಣಿಗೆ ಅಲ್ಲಿಗೇ ನಿಲ್ಲುತ್ತದೆ.

ಅದು ಹಿಂದಕ್ಕೆ ಸಡಿಲವಾಗಿ ಜೋತುಬೀಳುವ ಬೆರೇ ಟೋಪಿ. ಸರ್ಕ್ಯುಲರ್ ಕಡ್ಡಿಯಲ್ಲಿ (ನಡುವೆ ಬಾಗುವ ವೈರ್ ಇರುವ ಜೋಡಿ ಕಡ್ಡಿ) ಕೆಳಗಿನ ಪಟ್ಟಿಗೆ 96 ಕುಣಿಕೆ, ಆಮೇಲೆ ಎರಡೆರಡಕ್ಕೆ ಒಂದರಂತೆ ಹೆಚ್ಚಿಸಿ 144. 12 ಕುಣಿಕೆಯ ಎಲೆ ಡಿಸೈನ್ 12 ಸಲ ಬರಬೇಕು. ಒಂದು ಸುತ್ತು ಲೇಸ್, ಅಂದರೆ ತೂತು ತೂತಾಗಿ ಬರುವ ಹೆಣಿಗೆ, ಮುಂದಿನ ಸುತ್ತು ಬರೀ ನಿಟ್, ಅಂದರೆ ಸಾದಾ ಹೆಣಿಗೆ.

39ನೇ ಸುತ್ತಿನಲ್ಲಿ ಒಂದು ಎಲೆ ಸೊಟ್ಟಗೆ ಕಂಡಿತು. ಎಣಿಸಿದರೆ ಅಲ್ಲಿ 11 ಕುಣಿಕೆ ಮಾತ್ರ. ಆರು ಸುತ್ತು ಕೆಳಗೆ ಒಂದು ಯಾರ್ನ್ ಓವರ್ (ತೂತು ಬರಲು ಕಡ್ಡಿಗೆ ನೂಲು ಸುತ್ತುವುದು) ಮರೆತಿದ್ದೆ. ಮರುಸುತ್ತಿನಲ್ಲೇ ಗೊತ್ತಾಗಿದ್ದರೆ ಎರಡು ಕುಣಿಕೆ ನಡುವಿನ ಎಳೆ ಎತ್ತಿ ಕಡ್ಡಿಗೆ ಹಾಕಿಕೊಂಡರೆ ಸಾಕಿತ್ತು. ಈಗ ಅದರ ಮೇಲೆ ಮೂರು ಲೇಸ್ ಸುತ್ತು ಕೂತಿತ್ತು.

ಕಡ್ಡಿ ಎಳೆದು ಬಿಚ್ಚಿದೆ. ಸಾದಾ ಹೆಣಿಗೆಯಲ್ಲಿ ಎಷ್ಟೋ ಸಲ ಹಾಗೆ ಮಾಡಿದ್ದೇನೆ, ಕುಣಿಕೆಗಳು ಸಾಲಾಗಿ ನಿಂತಿರುತ್ತವೆ, ಮತ್ತೆ ಏರಿಸಿಕೊಂಡರಾಯ್ತು. ಲೇಸ್‌ನಲ್ಲಿ ಹಾಗಲ್ಲ. ಯಾರ್ನ್ ಓವರ್ ಅಂದರೆ ಕಡ್ಡಿ ಮೇಲೆ ಸುತ್ತಿದ ನೂಲು ಅಷ್ಟೇ, ಅದಕ್ಕೆ ಕೆಳಗೆ ಆಧಾರದ ಕುಣಿಕೆ ಇಲ್ಲ. ಬಿಚ್ಚುತ್ತಿದ್ದ ಹಾಗೆ ನೇರ ಎಳೆಯಾಗಿಬಿಡುತ್ತದೆ. ಎರಡು ಸೇರಿಸಿ ಹೆಣೆದ ಕಡೆ ಒಂದು ಕುಣಿಕೆ ಮೇಲೆ ಕಾಣುತ್ತದೆ, ಇನ್ನೊಂದು ಅದರ ಹಿಂದೆ ಅವಿತುಕೊಳ್ಳುತ್ತದೆ. ನನ್ನದು ನುಣುಪಾದ ತೆಳು ನೂಲು ಬೇರೆ. ಒಂದನ್ನು ಹಿಡಿಯುವಷ್ಟರಲ್ಲಿ ಪಕ್ಕದ್ದು ಏಣಿ ಬಿಟ್ಟುಕೊಂಡು ಜಾರುತ್ತಿತ್ತು. ಏರಿಸಿ ಎಣಿಸಿದರೆ ಒಮ್ಮೆ 139, ಇನ್ನೊಮ್ಮೆ 147. ಕೊನೆಗೆ ಪಟ್ಟಿಯವರೆಗೂ ಬಿಚ್ಚಬೇಕಾಯಿತು.

ಒಂದು ದಾರ ಹಾಕಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಲೈಫ್‌ಲೈನ್ ಹಾಕುವುದಕ್ಕೆ ಐದು ನಿಮಿಷ ಸಾಕು. ಸಾದಾ ಸುತ್ತು ಮುಗಿದ ಮೇಲೆ 144 ಇದೆಯಾ ಅಂತ ಎಣಿಸಿ. ಬೇರೆ ಬಣ್ಣದ ತೆಳು ಹತ್ತಿ ದಾರವನ್ನು ಮೊಂಡು ಸೂಜಿಗೆ ಪೋಣಿಸಿ, ಕಡ್ಡಿ ಮೇಲಿರುವ ಪ್ರತಿ ಕುಣಿಕೆಯೊಳಗೂ ತೂರಿಸಿ. ಮಾರ್ಕರ್ (ಗುರುತಿಗೆ ಕಡ್ಡಿಗೆ ಹಾಕುವ ಚಿಕ್ಕ ಬಳೆ) ಒಳಗೆ ಮಾತ್ರ ದಾರ ಹೋಗಬಾರದು, ಹೋದರೆ ಮಾರ್ಕರ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎರಡೂ ತುದಿಯಲ್ಲಿ ಗೇಣುದ್ದ ದಾರ ಬಿಡಿ, ಟೋಪಿ ಎಳೆದಾಗ ಒಳಗೆ ಸರಿಯಬಾರದು. ಜೂಲು ಇರುವ ಉಲ್ಲನ್ ದಾರ ಬೇಡ, ತೆಗೆಯುವಾಗ ಅದರ ಎಳೆ ಟೋಪಿಗೆ ಅಂಟುತ್ತದೆ.

ಇನ್ನೊಂದು ವಿಷಯ. ಮಾರ್ಕರ್ ಪಕ್ಕದಲ್ಲೇ ಯಾರ್ನ್ ಓವರ್ ಬಂದರೆ ಆ ನೂಲು ಸದ್ದಿಲ್ಲದೆ ಮಾರ್ಕರ್‌ನ ಆಚೆ ಬದಿಗೆ ಜಾರುತ್ತದೆ. ಎಣಿಕೆ ಸರಿ ಇದ್ದರೂ ಡಿಸೈನ್ ಒಂದು ಕುಣಿಕೆ ಪಕ್ಕಕ್ಕೆ ಹೋಗುತ್ತದೆ. ಅಲ್ಲಿ ಬೆರಳಲ್ಲಿ ಒತ್ತಿ ಹಿಡಿದು ಹೆಣೆಯಿರಿ.

ನೆತ್ತಿ ಕಡೆ ಕುಣಿಕೆ ಇಳಿಸಲು ಶುರು ಮಾಡುವ ಮುಂಚೆ ಇನ್ನೊಂದು ದಾರ ಖಂಡಿತ ಹಾಕಿ. ಅಲ್ಲಿ ಸುತ್ತು ಕಿರಿದಾಗಿ ಚಿಕ್ಕ ಕಡ್ಡಿಗಳಿಗೆ ಬದಲಾಯಿಸಬೇಕಾಗುತ್ತದೆ, ಜಾಸ್ತಿ ಜಾರುವುದು ಆಗಲೇ.

ಅದೇ ನೂಲಿನಲ್ಲಿ ಮತ್ತೆ ಶುರು ಮಾಡಿದ್ದೇನೆ. ಈಗ 20ನೇ ಸುತ್ತು, ಎರಡನೇ ಕೆಂಪು ದಾರ ಒಳಗಿದೆ.