ಕೈ ಆಗರ್ ರಿವ್ಯೂ: ಕೆಲಸ ಮಾಡುತ್ತೆ, ಆದ್ರೆ ಪಿನ್ ಮೇಲೆ ಒಂದ್ ಕಣ್ಣಿರ್ಲಿ

ಕೈಯಲ್ಲಿ ತಿರುಗಿಸಿ ಗುಂಡಿ ತೋಡೋ ಆಗರ್ ತಗೊಂಡು ಮೂರು ತಿಂಗಳಾಯ್ತು, ಈಗ ಬರೀಬಹುದು ಅನ್ಸುತ್ತೆ. ಬ್ರ್ಯಾಂಡ್ ಹೆಸರು ಬೇಡ ಬಿಡಿ. ಟಿ ಆಕಾರದ ಹಿಡಿ, ಒಂದೊಂದು ಮೀಟರಿನ ನಾಲ್ಕು ರಾಡು, ತುದೀಲಿ ಹಲ್ಲಿರೋ ಡಬ್ಬಿ, ಇವನ್ನ ಜೋಡಿಸೋಕೆ ಪಿನ್, ಅಷ್ಟೇ.

ಮೊದಲನೇ ಮೀಟರ್ ಬೆಣ್ಣೇಲಿ ಚಾಕು ಇಳಿದ ಹಾಗೆ. ಬೇರು ತುಂಬಿದ ಕಪ್ಪು ಮಣ್ಣು, ಕೆಂಪು ಮಣ್ಣು, ಆಮೇಲೆ ಹಳದಿ ಜೇಡಿ. ಈ ಜೇಡಿ ಎಷ್ಟು ಕೊಡವಿದ್ರೂ ಡಬ್ಬಿ ಬಿಟ್ಟು ಬರಲ್ಲ, ಸ್ಕ್ರೂಡ್ರೈವರ್ ಹಾಕಿ ಕೆರೀಬೇಕು. ಎರಡು ಮೀಟರ್ ದಾಟಿದ್ಮೇಲೆ ಗೊತ್ತಾಗಿದ್ದು ಏನಂದ್ರೆ ತೋಡೋದಲ್ಲ ಕಷ್ಟ, ಎತ್ತೋದು, ಗೇಣುದ್ದ ಇಳಿಯೋಕೆ ಪ್ರತಿ ಸಲ ಅಷ್ಟೂ ರಾಡು ಮೇಲಕ್ಕೆ ತೆಗೆದು ಮಣ್ಣು ಚೆಲ್ಲಿ ಮತ್ತೆ ಇಳಿಸಬೇಕು.

ಭೂಮಿ ಒಳಗೇನಿದೆ ಅಂತ ನೋಡೋಕೆ ಸೋವಿಯತ್‌ನೋರು ರಷ್ಯಾದ ವಾಯುವ್ಯ ಮೂಲೇಲಿರೋ ಕೋಲಾದಲ್ಲಿ ಕೊರೆದ ಬಾವಿಗೂ ಇದೇ ಗೋಳು. 1970ರಲ್ಲಿ ಶುರು ಮಾಡಿ 1989ಕ್ಕೆ 12,262 ಮೀಟರ್ ಮುಟ್ಟಿದ್ರು, ಬಾಯಿ ಮಾತ್ರ ಬರೀ 23 ಸೆಂಟಿಮೀಟರ್. ತುದೀಲಿ ಬಂಡೆ ಕೊರೆಯೋ ಬಿಟ್ ಸವೆದ್ರೆ ಕಿಲೋಮೀಟರ್‌ಗಟ್ಟಲೆ ಪೈಪ್ ಎತ್ತಿ ಬಿಚ್ಚಿ, ಹೊಸ ಬಿಟ್ ಹಾಕಿ ಮತ್ತೆ ಜೋಡಿಸ್ತಾ ಇಳಿಸ್ಬೇಕು. ಅಷ್ಟುದ್ದದ ಪೈಪನ್ನ ಮೇಲಿಂದ ತಿರುಗಿಸೋಕೆ ಹೋದ್ರೆ ಹಗ್ಗದ ಥರ ತಿರುಚ್ಕೊಳ್ಳುತ್ತೆ, ಅದಕ್ಕೆ ಮೇಲಿಂದ ಕೆಸರುನೀರು ಪಂಪ್ ಮಾಡಿ ತಳದಲ್ಲಿರೋ ಟರ್ಬೈನ್ ಮಾತ್ರ ತಿರುಗೋ ಹಾಗೆ ಮಾಡಿದ್ರು, ಪೈಪ್ ಹಗುರ ಇರ್ಲಿ ಅಂತ ಅಲ್ಯೂಮಿನಿಯಂ ಮಿಶ್ರಲೋಹದ್ದು. ನನ್ನ ನಾಲ್ಕನೇ ರಾಡ್ ಹಾಕಿದಾಗ್ಲೇ ಹಿಡಿ ಒಂಚೂರು ತಿರುಗಿದ್ಮೇಲೆ ಕೆಳಗಿಂದು ತಿರುಗುತ್ತೆ, ಕೀಲುಗಳಲ್ಲಿ ಅಷ್ಟು ಆಟ. ಇದಕ್ಕೆ ಒಂದು ಸ್ಟಾರ್ ಕಟ್.

ಇನ್ನೊಂದು ಸ್ಟಾರ್ ಕಟ್ ಆಗಿದ್ದು ಪಿನ್‌ಗೆ. ಮೂರು ಮೀಟರಲ್ಲಿ ಒಂದ್ ದಿನ ಎತ್ತಿದ್ರೆ ರಾಡು ಹಗುರ, ಡಬ್ಬಿ ಇಲ್ಲ, ಪಿನ್ ಕಳಚ್ಕೊಂಡು ಕೆಳಗೇ ಉಳಿದಿದೆ! ದಪ್ಪ ತಂತಿ ಬಗ್ಗಿಸಿ ಕೊಕ್ಕೆ ಮಾಡಿ ಟಾರ್ಚ್ ಬಿಟ್ಕೊಂಡು ಹೊಟ್ಟೆ ಮೇಲೆ ಮಲಗಿ ಒಂದು ಮಧ್ಯಾಹ್ನ ಪೂರ್ತಿ ತಡಕಾಡಿದೆ, ಸಂಜೆಗೆ ಸಿಕ್ತು. ಬೋರ್ ಕೊರೆಯೋರು ಈ ಕೆಲಸಕ್ಕೆ ಫಿಶಿಂಗ್ ಅಂತಾರೆ, ಸರಿಯಾಗೇ ಹೆಸರಿಟ್ಟಿದಾರೆ. ಕೋಲಾದಲ್ಲಿ 1984ರಲ್ಲಿ ಇದೇ ಆಯ್ತು, ತುಂಡಾಗಿ ಒಳಗುಳಿದ ಪೈಪ್ ಮಾತ್ರ ಸುಮಾರು 5 ಕಿಲೋಮೀಟರ್. ಕೊನೆಗೆ ಅದನ್ನ ಬಿಟ್ಟು, 12 ಕಿಲೋಮೀಟರ್ ದಾಟಿದ್ದೋರು ವಾಪಸ್ 7 ಕಿಲೋಮೀಟರ್ ಹತ್ರದಿಂದ ಪಕ್ಕಕ್ಕೆ ಹೊಸದಾಗಿ ಕೊರೆದ್ರು. ನಾನಾಗಿದ್ರೆ ಮನೆಗೆ ಹೋಗ್ತಿದ್ದೆ.

ನಂದು 3.4 ಮೀಟರಲ್ಲಿ ನಿಂತಿದೆ. ನೀರು ಬಂತು, ಮಣ್ಣು ರಾಡಿಯಾಗಿ ಡಬ್ಬಿಯಿಂದ ಸೋರಿಹೋಗುತ್ತೆ, ಎತ್ತಿದ ತಕ್ಷಣ ಪಕ್ಕದ್ದು ಕುಸಿದು ಗುಂಡಿ ತುಂಬ್ಕೊಳ್ಳುತ್ತೆ. ಕೋಲಾದೋರಿಗೆ ತಳದಲ್ಲಿ ಕಾಟ ಕೊಟ್ಟಿದ್ದು ಶಾಖ, 100 ಡಿಗ್ರಿ ಅಂದ್ಕೊಂಡಿದ್ದು 180 ಇತ್ತು, ಆ ಬಿಸಿಗೆ ಬಂಡೆಯೇ ಮೆತ್ತಗಾಗಿ ಕೊರೆದಿದ್ದು ಮುಚ್ಕೊಳ್ತಿತ್ತು. 7 ಕಿಲೋಮೀಟರ್ ಕೆಳಗೆ ಬಸಾಲ್ಟ್ ಸಿಗುತ್ತೆ ಅಂತ ಲೆಕ್ಕ ಹಾಕಿದ್ರೆ ಸಿಕ್ಕಿದ್ದು ಬಿರುಕು ಬಿಟ್ಟ ಗ್ರಾನೈಟ್, ಬಿರುಕಲ್ಲೆಲ್ಲ ನೀರು. ಇಷ್ಟೆಲ್ಲ ಮಾಡಿದ್ರೂ ಭೂಮಿ ಸಿಪ್ಪೆಯ ಮೂರನೇ ಒಂದು ಭಾಗ ಅಷ್ಟೇ.

ಒಟ್ಟು 5ಕ್ಕೆ 3. ತಗೊಳ್ಳೋರು ಪಿನ್ ಕಿತ್ತೆಸೆದು ನಟ್ ಬೋಲ್ಟ್ ಹಾಕ್ಕೊಳ್ಳಿ, ರಾಡ್ ಮೇಲೆ ಅರ್ಧರ್ಧ ಮೀಟರಿಗೆ ಪೇಂಟ್ ಗುರುತು ಮಾಡ್ಕೊಳ್ಳಿ, ಗುಂಡಿ ಬಾಯಿ ತೆರೆದು ಬಿಡ್ಬೇಡಿ. ಕೋಲಾದ್ದಕ್ಕೆ ತುಕ್ಕು ಹಿಡಿದ ಕಬ್ಬಿಣದ ಮುಚ್ಚಳ ಬೋಲ್ಟ್ ಹಾಕಿ ಬಿಗಿದಿದಾರೆ, ನಂದಕ್ಕೆ ಸದ್ಯ ಹಳೇ ಬಕೆಟ್ ಬೋರಲು ಹಾಕಿ ಮೇಲೊಂದು ಕಲ್ಲಿಟ್ಟಿದೀನಿ.