ದೊಡ್ಡಪೇಟೆಯ ರೊಟ್ಟಿ ಅಂಗಡಿ: ಮ್ವಾಂಜಾಕ್ಕೆ ಬುತ್ತಿ ಕಟ್ಟಿಸಿಕೊಂಡವಳ ಅಭಿಪ್ರಾಯ

ಚಿತ್ರದುರ್ಗದ ದೊಡ್ಡಪೇಟೆಯಲ್ಲಿ ಅತ್ತೆ-ಸೊಸೆ ಸೇರಿ ನಡೆಸುವ ಚಿಕ್ಕದೊಂದು ರೊಟ್ಟಿ ಅಂಗಡಿಯಿದೆ. ಮುಂದೆ ಒಂದು ಗಾಜಿನ ಕಪಾಟು, ಹಿಂದೆ ಎರಡು ಒಲೆ, ಗೋಡೆಗೆ ಒರಗಿಸಿದ ಜೋಳದ ಚೀಲಗಳು, ಇವಿಷ್ಟೇ ಅದರ ಆಸ್ತಿ. ಖಡಕ್ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಅಗಸೆ ಪುಡಿ ಮತ್ತು ರಾಗಿ ಹುರಿಹಿಟ್ಟು ಇಲ್ಲಿ ಸಿಗುತ್ತವೆ. ನಾನು ಟಾಂಜಾನಿಯಾದ ಮ್ವಾಂಜಾ ನಗರದ ಹೊರವಲಯದಲ್ಲಿರುವ ಒಂದು ಮಿಷನ್ ಔಷಧಾಲಯದಲ್ಲಿ ನರ್ಸ್ ಆಗಿ ಸೇವೆ ಸಲ್ಲಿಸುತ್ತಿರುವ ಧರ್ಮಭಗಿನಿ. ಮೂರು ವರ್ಷಕ್ಕೊಮ್ಮೆ ರಜೆಯ ಮೇಲೆ ಹುಟ್ಟೂರಿಗೆ ಬಂದಾಗ ಈ ಅಂಗಡಿಯಿಂದ ಬುತ್ತಿ ಕಟ್ಟಿಸಿಕೊಂಡು ಹೋಗುತ್ತೇನೆ. ಇದು ಮೂರನೆಯ ಸಲವಾದ್ದರಿಂದ, ಪರದೇಶಕ್ಕೆ ತಿನಿಸು ಒಯ್ಯುವವರಿಗೆ ಉಪಯೋಗವಾಗಲೆಂದು ನನ್ನ ಅನುಭವವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲ ಸಲ ಹೋದಾಗ ನಾನು ಕೇಳಿದ್ದು ಐವತ್ತು ರೊಟ್ಟಿ ಮಾತ್ರ. ಅತ್ತೆಯವರು ಎಣಿಸಿ ಕೊಡುವ ಮೊದಲು, "ಎಲ್ಲಿಗೆ ಒಯ್ತೀರಿ ಸಿಸ್ಟರ್, ಎಷ್ಟು ದಿನ ಇಡ್ತೀರಿ, ಅಲ್ಲಿ ಸೆಕೆಯೋ ಥಂಡಿಯೋ?" ಎಂದು ವಿಚಾರಿಸಿದರು. ವಿಕ್ಟೋರಿಯಾ ಸರೋವರದ ದಡದ ಊರು, ಮಾರ್ಚಿನಿಂದ ಮೇವರೆಗೆ ದೊಡ್ಡ ಮಳೆ, ವರ್ಷದ ಕೊನೆಯಲ್ಲಿ ಮತ್ತೆ ಚಿಕ್ಕ ಮಳೆ ಎಂದೆ. ಹಾಗಿದ್ದರೆ ಕಪಾಟಿನಲ್ಲಿರುವ ರೊಟ್ಟಿ ಬೇಡವೆಂದು ಹೇಳಿ, ನಾಲ್ಕು ದಿನ ಬಿಟ್ಟು ಬರಲು ತಿಳಿಸಿದರು. ಆ ನಾಲ್ಕು ದಿನಗಳಲ್ಲಿ ಅವರು ತಗಡಿನ ಡಬ್ಬಿಯ ಬಾಯಿಯ ಅಳತೆಗೆ ಸರಿಯಾಗಿ ಚಿಕ್ಕ ರೊಟ್ಟಿಗಳನ್ನು ತಟ್ಟಿ, ಹಂಚಿನ ಮೇಲೆ ಬೇಯಿಸಿ, ಆಮೇಲೆ ಒಲೆಯ ಸುತ್ತ ಒರಗಿಸಿಟ್ಟು, ಬೆರಳಿನಿಂದ ತಟ್ಟಿದರೆ ಸದ್ದು ಬರುವಷ್ಟು ಒಣಗಿಸಿದ್ದರು. ಬೆಂಗಳೂರಿನವರೆಗೆ ಬಸ್ಸಿನಲ್ಲಿ, ಅಲ್ಲಿಂದ ಎರಡು ವಿಮಾನ ಬದಲಿಸಿ, ಕೊನೆಗೆ ಜೀಪಿನಲ್ಲಿ ಕುಲುಕಾಡುತ್ತಾ ಹೋದ ಐವತ್ತು ರೊಟ್ಟಿಗಳಲ್ಲಿ ಮುರಿದದ್ದು ಐದೋ ಆರೋ ಅಷ್ಟೇ. ಎರಡು ತಿಂಗಳ ನಂತರವೂ ಅವು ಮೆತ್ತಗಾಗಿರಲಿಲ್ಲ, ಮುಗ್ಗಲು ವಾಸನೆಯೂ ಬಂದಿರಲಿಲ್ಲ.

ಕಟ್ಟುವ ಕ್ರಮದ ಬಗ್ಗೆಯೂ ಹೇಳಬೇಕು. ಟಾಂಜಾನಿಯಾದಲ್ಲಿ 2019ರ ಜೂನ್ 1ರಿಂದ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಲಾಗಿದ್ದು, ಹೊರಗಿನಿಂದ ಬರುವವರು ಅವನ್ನು ವಿಮಾನ ನಿಲ್ದಾಣದಲ್ಲಿಯೇ ಬಿಟ್ಟು ಹೋಗಬೇಕು. ಇದನ್ನು ನಾನು ಒಮ್ಮೆ ಹೇಳಿದ್ದಷ್ಟೇ. ಸೊಸೆಯವರು ಅದನ್ನು ನೆನಪಿಟ್ಟು, ಎರಡನೆಯ ಸಲ ಹೋದಾಗ ಪುಡಿಗಳನ್ನು ತಗಡಿನ ಡಬ್ಬಿಗಳಲ್ಲಿ ತುಂಬಿ, ಹೊರಗೆ ಹಳೆಯ ಕಾಟನ್ ಸೀರೆಯಿಂದ ಹೊಲಿದ ಚೀಲಗಳನ್ನು ಹಾಕಿ ಕೊಟ್ಟರು. ಆ ಚೀಲಗಳು ಮ್ವಾಂಜಾದಲ್ಲಿ ಹೆಂಗಸರ ಕೈಯಲ್ಲಿ ಇಂದಿಗೂ ಸಂತೆಗೆ ಹೋಗಿಬರುತ್ತಿವೆ.

ಒಬ್ಬ ಧರ್ಮಭಗಿನಿ ಎರಡು ಪೆಟ್ಟಿಗೆಗಳಲ್ಲಿ ಒಂದನ್ನು ಪೂರ್ತಿ ರೊಟ್ಟಿ-ಪುಡಿಗೇ ಮೀಸಲಿಡುವುದು ಏಕೆಂದು ನಮ್ಮ ಮನೆಯವರೇ ಕೇಳುತ್ತಾರೆ. ಅದಕ್ಕೆ ಉತ್ತರ ಹೇಳದೆ ಈ ಅಂಗಡಿಯ ಬೆಲೆ ಏನೆಂಬುದನ್ನು ನಾನು ಹೇಳಲಾರೆ.

ಮ್ವಾಂಜಾ ನೋಡುವುದಕ್ಕೆ ನಮ್ಮ ದುರ್ಗದ ತಂಗಿಯಂತಿದೆ. ಒಂದರ ಮೇಲೊಂದು ಯಾರೋ ಎತ್ತಿಟ್ಟಂತೆ ನಿಂತ ಬಂಡೆಗಳು, ಬಂಡೆಗಳ ಸಂದಿಯಲ್ಲಿಯೇ ಮನೆಗಳು. ಮೊದಲ ದಿನ ಅದನ್ನು ಕಂಡು ನನಗೆ ಧೈರ್ಯ ಬಂದಿತ್ತು. ಆದರೆ ಭಾಷೆ ಬಾರದವಳಿಗೆ ಬಂಡೆಗಳ ಪರಿಚಯ ಎಷ್ಟು ದಿನ ಸಾಕಾದೀತು? ಸ್ವಾಹಿಲಿಯಲ್ಲಿ 'ಮಾಮಾ' ಎಂದರೆ ತಾಯಿ, 'ಕಾಕಾ' ಎಂದರೆ ಅಣ್ಣ, 'ದಾದಾ' ಎಂದರೆ ಅಕ್ಕ. ಬಾಲ್ಯದಿಂದ ಬೇರೆ ಅರ್ಥದಲ್ಲಿ ಬಳಸಿದ ಶಬ್ದಗಳನ್ನು ನಾಲಿಗೆ ಹೊಸದಾಗಿ ಕಲಿಯಬೇಕಿತ್ತು. ಗಡಿಯಾರದ ಲೆಕ್ಕವೂ ಬೇರೆ. ಅಲ್ಲಿ ಹೊತ್ತು ಹುಟ್ಟಿದ ಮೇಲೆ ಎಣಿಕೆ ಶುರುವಾಗುವುದರಿಂದ ನಮ್ಮ ಬೆಳಗಿನ ಏಳು ಅವರಿಗೆ ಒಂದು ಗಂಟೆ. ಬಂದ ಹೊಸತರಲ್ಲಿ ತಾಯಂದಿರಿಗೆ ಮಧ್ಯಾಹ್ನ ಮೂರಕ್ಕೆ ಮಕ್ಕಳ ತೂಕ ನೋಡುತ್ತೇನೆಂದು ಹೇಳಲು ಹೋಗಿ 'ಸಾ ತಾತು' ಎಂದುಬಿಟ್ಟೆ. ಅದು ಅವರ ಲೆಕ್ಕದಲ್ಲಿ ಬೆಳಗಿನ ಒಂಬತ್ತು. ಬೇರೊಂದು ಹಳ್ಳಿಯ ಭೇಟಿ ಮುಗಿಸಿ ನಾನು ಬರುವಷ್ಟರಲ್ಲಿ ಅವರು ಮಾವಿನ ಮರದ ಕೆಳಗೆ ಆರು ಗಂಟೆ ಕಾದು ಕುಳಿತಿದ್ದರು. ನನಗೆ ಅಳು ಬಂದಿತು. ಅವರಲ್ಲೊಬ್ಬ ತಾಯಿ ತನ್ನ ಬಟ್ಟೆಯ ಗಂಟಿನಿಂದ ಬೇಯಿಸಿದ ಗೆಣಸೊಂದನ್ನು ಮುರಿದು, ಅರ್ಧವನ್ನು ನನ್ನ ಕೈಗಿಟ್ಟು, 'ಪೋಲೆ ಸಿಸ್ಟಾ' ಎಂದಳು. ಯಾರಿಗೇ ನೋವಾದರೂ, ಆಯಾಸವಾದರೂ ಅಲ್ಲಿಯವರು ಮೊದಲು ಆಡುವ ಸಾಂತ್ವನದ ಮಾತು ಅದು. ಕಾಯಿಸಿದವಳು ನಾನು, ಸಂತೈಸಿದವಳು ಅವಳು.

ಅದಾದ ಕೆಲವು ತಿಂಗಳಿಗೆ ನನಗೆ ಮಲೇರಿಯಾ ಬಂತು. ದಿನವೂ ಹತ್ತಾರು ಮಕ್ಕಳ ಬೆರಳು ಚುಚ್ಚಿ ಅದೇ ಜ್ವರವನ್ನು ಪರೀಕ್ಷಿಸುತ್ತಿದ್ದವಳು ಆ ವಾರ ಹಾಸಿಗೆಯಿಂದ ಏಳಲಾಗಲಿಲ್ಲ. ಕಾನ್ವೆಂಟಿನ ಬೇಲಿಯಾಚೆ ಒಬ್ಬರು ಅಜ್ಜಿ ಇದ್ದಾರೆ. ಅವರನ್ನು ಎಲ್ಲರೂ 'ಬೀಬಿ' ಎನ್ನುತ್ತಾರೆ, ಅಂದರೆ ಅಜ್ಜಿ ಎಂದೇ. ಅವರು ಬಾಗಿಲಲ್ಲಿ ನಿಂತು 'ಹೋದಿ' ಎಂದು ಕೂಗಿ, ಒಳಗೆ ಬಂದು, ಮುಚ್ಚಳದ ಮಗ್ಗಿನಲ್ಲಿ ಕಂದುಬಣ್ಣದ ಬಿಸಿ ಗಂಜಿಯನ್ನು ತಂದುಕೊಟ್ಟರು. ಒಂದು ಗುಟುಕು ಕುಡಿದೆ. ಅದು ರಾಗಿ ಗಂಜಿ! ಹಿರಿಯೂರು, ಚಳ್ಳಕೆರೆಯ ಮನೆಗಳಲ್ಲಿ ಜ್ವರ ಬಂದವರಿಗೆ ಕಾಯಿಸಿ ಕೊಡುವ ಅದೇ ಗಂಜಿ. ಅಲ್ಲಿ ರಾಗಿಗೆ 'ಉಲೇಜಿ' ಎನ್ನುತ್ತಾರೆ, ಗಂಜಿಗೆ 'ಉಜಿ'. ಐದು ದಿನ ಅವರು ತಪ್ಪದೆ ತಂದರು. ಆಮೇಲೆ ಓದಿ ತಿಳಿದುಕೊಂಡೆ, ರಾಗಿಯ ಮೂಲವೇ ಪೂರ್ವ ಆಫ್ರಿಕದ ಎತ್ತರದ ಪ್ರದೇಶ. ಜೋಳವೂ ಸುಡಾನಿನ ಕಡೆಯದು, ಗುರೆಳ್ಳು ಇಥಿಯೋಪಿಯಾದ್ದು. ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ಬಂದು ನಮ್ಮ ಬಯಲುಸೀಮೆಯ ಹೊಟ್ಟೆ ಹೊರೆದ ಕಾಳುಗಳವು. ದೊಡ್ಡಪೇಟೆಯ ಆ ಗಾಜಿನ ಕಪಾಟಿನ ಅರ್ಧಕ್ಕಿಂತ ಹೆಚ್ಚು ಸರಕು ನಾನು ಸೇವೆ ಮಾಡುವ ಖಂಡದಿಂದಲೇ ಎಂದೋ ಬಂದದ್ದು.

ಮಿಷನರಿಯಾಗಿ ಹೋದವರನ್ನು ಜನ ಕೊಡುವವರೆಂದೇ ನೋಡುತ್ತಾರೆ. ಮಾತ್ರೆ, ಬಟ್ಟೆ, ಶಾಲೆಯ ಶುಲ್ಕ, ಎಲ್ಲವೂ ನಮ್ಮ ಕೈಯಿಂದ ಕೆಳಗಿಳಿಯುತ್ತದೆ. ಅವುಗಳಲ್ಲಿ ನನ್ನ ಸ್ವಂತದ್ದು ಯಾವುದೂ ಇಲ್ಲ, ಎಲ್ಲವೂ ಸಂಸ್ಥೆಯದು. ಅಜ್ಜಿಯ ಗಂಜಿ ಮಾತ್ರ ಅವರ ಹೊಲದ ರಾಗಿಯದು, ಅವರೇ ಕುಟ್ಟಿದ್ದು. ಅದಕ್ಕೆ ಸಮನಾಗಿ ನಾನು ಕೊಡಬಹುದಾದದ್ದು ನನ್ನ ಊರಿನ ಒಲೆಯಲ್ಲಿ ಬೆಂದದ್ದೇ ಆಗಬೇಕೆಂದು ನನಗೆ ತೋರಿತು. ಹಾಗೆಂದೇ ಮೊದಲ ರಜೆಯಲ್ಲಿ ಈ ಅಂಗಡಿಯನ್ನು ಹುಡುಕಿಕೊಂಡು ಹೋದೆ.

ನಮ್ಮ ಧರ್ಮಕೇಂದ್ರದಲ್ಲಿ ವಾರಕ್ಕೊಮ್ಮೆ ಅಕ್ಕಪಕ್ಕದ ಹತ್ತು-ಹದಿನೈದು ಮನೆಯವರು 'ಜುಮುಯಿಯಾ' ಎಂಬ ಚಿಕ್ಕ ಕೂಟವಾಗಿ ಸರದಿಯಂತೆ ಒಬ್ಬೊಬ್ಬರ ಅಂಗಳದಲ್ಲಿ ಸೇರಿ, ಶುಭಸಂದೇಶ ಓದಿ, ಪ್ರಾರ್ಥಿಸಿ, ಕಷ್ಟಸುಖ ಮಾತಾಡುತ್ತಾರೆ. ರಜೆ ಮುಗಿಸಿ ಮರಳಿದ ವಾರ ಆ ಕೂಟಕ್ಕೆ ಡಬ್ಬಿಯನ್ನು ಒಯ್ದೆ. ಪ್ರಯಾಣದಿಂದ ಬಂದವರು 'ಜವಾದಿ', ಅಂದರೆ ಕಾಣಿಕೆ, ತರುವುದು ಅಲ್ಲಿಯ ರೂಢಿ. ಅಜ್ಜಿಗೆ 'ಶಿಕಾಮೋ' ಎಂದು ಹಿರಿಯರಿಗೆ ಸಲ್ಲಿಸಬೇಕಾದ ವಂದನೆ ಸಲ್ಲಿಸಿ, ಅವರು 'ಮರಹಬಾ' ಎಂದ ಮೇಲೆ, ಮೊದಲ ರೊಟ್ಟಿಯನ್ನು ಅವರ ಕೈಗಿತ್ತೆ. ಅವರು ಅದನ್ನು ಮೂಸಿ, 'ಮ್ತಾಮಾ' ಎಂದು ಜೋಳವನ್ನು ಸರಿಯಾಗಿ ಗುರುತಿಸಿ, ಚೂರು ಮುರಿದು, ಸರೋವರದ ಚಿಕ್ಕ ಮೀನಿನ ಸಾರಿನಲ್ಲಿ ಅದ್ದಿ ತಿಂದರು. ಜೋಳವನ್ನು ಇಷ್ಟು ತೆಳ್ಳಗೆ ಮಾಡುವ ಹೆಂಗಸರು ಯಾರು, ಅವರಿಗೆ ಎಷ್ಟು ಮಕ್ಕಳು ಎಂದು ಕೇಳಿದರು.

ಶೇಂಗಾ ಚಟ್ನಿಪುಡಿಗೆ ಅಲ್ಲಿ ಇನ್ನೂ ಹೆಚ್ಚಿನ ಸ್ವಾಗತ ಸಿಕ್ಕಿತು. ಅವರೂ ಕಡಲೆಕಾಯಿ ಕುಟ್ಟಿ ಹರಿವೆಯಂಥ ಸೊಪ್ಪಿಗೆ ಬೆರೆಸಿ ಬೇಯಿಸುವವರೇ ಆದ್ದರಿಂದ, ನಮ್ಮ ಪುಡಿಯನ್ನು ಸೊಪ್ಪಿನ ಮೇಲೆ ಉದುರಿಸಿಕೊಂಡು ಉಗಾಲಿಯೊಡನೆ, ಅಂದರೆ ಅವರ ಮೆಕ್ಕೆಜೋಳದ ಮುದ್ದೆಯೊಡನೆ, ಉಂಡರು. ಈ ಅಂಗಡಿಯ ಪುಡಿಯಲ್ಲಿ ಶೇಂಗಾ ಎಣ್ಣೆ ಬಿಡುವಷ್ಟು ಕುಟ್ಟಿರುತ್ತಾರೆ, ಖಾರವನ್ನು ಹದವಾಗಿ ಇಡುತ್ತಾರೆ, ಕರಿಬೇವನ್ನು ಹುರಿದೇ ಹಾಕುತ್ತಾರೆ. ಪಕ್ಕದ ಚಳ್ಳಕೆರೆ ಎಣ್ಣೆ ಗಿರಣಿಗಳ ಊರಾಗಿರುವುದರಿಂದ ಒಳ್ಳೆಯ ಶೇಂಗಾಕ್ಕೆ ಇವರಿಗೆ ಕೊರತೆಯಿಲ್ಲ, ಆ ಗುಣ ಪುಡಿಯಲ್ಲಿ ಕಾಣುತ್ತದೆ.

ಕೊರತೆಗಳನ್ನೂ ಹೇಳುತ್ತೇನೆ. ಗುರೆಳ್ಳು ಪುಡಿಗೆ ಇವರು ಹಸಿ ಬೆಳ್ಳುಳ್ಳಿ ಕುಟ್ಟಿ ಸೇರಿಸುವುದರಿಂದ ಅದು ಊರಿನಲ್ಲಿ ತಿನ್ನಲು ಬಹಳ ರುಚಿ, ದೂರದ ಪ್ರಯಾಣಕ್ಕೆ ಮಾತ್ರ ಸಲ್ಲದು. ಮ್ವಾಂಜಾದ ಮಳೆಗಾಲದಲ್ಲಿ ಅದು ಮೂರೇ ವಾರಕ್ಕೆ ಗಂಟುಕಟ್ಟಿತು. ಬೆಳ್ಳುಳ್ಳಿ ಬೇಡವೆಂದು ಮೊದಲೇ ಹೇಳಿ ಮಾಡಿಸಿಕೊಳ್ಳಬೇಕು. ಡಬ್ಬಿಗಳ ಮೇಲೆ ತಯಾರಿಸಿದ ದಿನಾಂಕವಾಗಲಿ, ಒಳಗಿನ ಪದಾರ್ಥಗಳ ಪಟ್ಟಿಯಾಗಲಿ ಇರುವುದಿಲ್ಲ. ಹಿಂದಿನ ಸಲ ಕಸ್ಟಮ್ಸ್ ಅಧಿಕಾರಿಯೊಬ್ಬರ ಮುಂದೆ ಎಲ್ಲ ಡಬ್ಬಿಗಳನ್ನೂ ಬಿಚ್ಚಿ ತೋರಿಸಿ ವಿವರಿಸುವುದರಲ್ಲಿ ಅರ್ಧ ಗಂಟೆ ಕಳೆಯಿತು. ಈ ಸಲ ನಾನೇ ಇಂಗ್ಲಿಷಿನಲ್ಲಿಯೂ ಸ್ವಾಹಿಲಿಯಲ್ಲಿಯೂ ಚೀಟಿ ಬರೆದು ಅಂಟಿಸಿದ್ದೇನೆ. ಸೊಸೆಯವರು ಒಂದು ಚೀಟಿಯ ಮಾದರಿಯನ್ನು ಇಟ್ಟುಕೊಂಡಿದ್ದಾರೆ. ಹಬ್ಬದ ದಿನಗಳಲ್ಲಿ ಕೆಲಸದ ಒತ್ತಡಕ್ಕೆ ಕೆಲವು ರೊಟ್ಟಿಗಳ ಅಂಚು ದಪ್ಪವಾಗಿ ಉಳಿಯುತ್ತದೆ, ಅಂಥವನ್ನು ಆರಿಸಿ ತೆಗೆದುಬಿಡುವುದು ಒಳ್ಳೆಯದು. ಬೆಲೆಯ ಬಗ್ಗೆ ನನ್ನ ತಕರಾರಿಲ್ಲ. ಒಂದು ವಾರ ಮೊದಲೇ ಹೇಳಿದರೆ ಎರಡು ಕೈಗಳಿಗೂ ಅನುಕೂಲ.

ಈ ಸಲದ ಬುತ್ತಿಯಲ್ಲಿ ಎಂಬತ್ತು ರೊಟ್ಟಿ, ಮೂರು ಕಿಲೊ ಶೇಂಗಾ ಪುಡಿ, ಬೆಳ್ಳುಳ್ಳಿ ಇಲ್ಲದ ಗುರೆಳ್ಳು ಪುಡಿ ಒಂದು ಕಿಲೊ ಇವೆ. ಅಜ್ಜಿ ಕೇಳಿದ್ದ ಪ್ರಶ್ನೆಯನ್ನು ಅತ್ತೆಯವರಿಗೆ ತಲುಪಿಸಿದೆ. ಮಗ ಒಬ್ಬನೇ ಎಂದು ಹೇಳಿಕಳಿಸಿ ಎಂದರು. ಹಣ ಎಣಿಸುವಾಗ, ನಾನು ಕೇಳದ ರಾಗಿ ಹುರಿಹಿಟ್ಟಿನ ಡಬ್ಬಿಯೊಂದು ಗಂಟಿನಲ್ಲಿ ಕಂಡಿತು. "ಅದರ ಲೆಕ್ಕ ನಿಮಗಲ್ಲ ಸಿಸ್ಟರ್, ನಿಮ್ಮನ್ನ ಜ್ವರದಾಗೆ ನೋಡಿಕೊಂಡರಲ್ಲ, ಆ ಅಜ್ಜಿಗೆ" ಎಂದು ಬೇರೆಯದೇ ಬಟ್ಟೆಯಲ್ಲಿ ಕಟ್ಟಿಟ್ಟರು. ಅಲ್ಲಿಯವರು ಗೆಣಸನ್ನು ಹೆಚ್ಚಿ ಬಿಸಿಲಿಗೆ ಒಣಗಿಸಿಟ್ಟುಕೊಳ್ಳುವ 'ಮಿಚೆಂಬೆ'ಯ ವಿಷಯ ನಾನು ಹಿಂದೊಮ್ಮೆ ಹೇಳಿದ್ದು ಅವರಿಗೆ ನೆನಪಿತ್ತು. ಮುಂದಿನ ಸಲ ಬರುವಾಗ ಆ ಅಜ್ಜಿ ಒಣಗಿಸಿದ್ದನ್ನೇ ಒಂದು ಹಿಡಿ ತಂದುಕೊಡಬೇಕೆಂದು ಕೇಳಿದ್ದಾರೆ.